ಅವುಡುಗಚ್ಚಬೇಡಿ

ಈ ಮಾತನ್ನು ಆರಂಭಿಸುವುದಕ್ಕೆ ಮುಂಚೆ ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಅದಕ್ಕಾಗಿ ಏಳಬೇಕಾಗಿಲ್ಲ, ಕುಳಿತಲ್ಲೇ ಸಾಕು. ಎರಡೂ ಕೈಗಳ ತೋರುಬೆರಳನ್ನು ಕಿವಿಯ ತೂತಿನ ಮುಂದುಗಡೆ, ಕೆನ್ನೆಯ ಮೇಲೆ ಮೆಲ್ಲನೆ ಇಟ್ಟುಕೊಳ್ಳಿ. ಈಗ ಬಾಯನ್ನು ನಿಧಾನವಾಗಿ ತೆರೆದು ಮುಚ್ಚಿರಿ. ಬೆರಳಿನ ಕೆಳಗೆ ಒಂದು ಗುಂಡುಮೂಳೆ ಮೊದಲು ಹೊರಳಿ, ಆಮೇಲೆ ಮುಂದಕ್ಕೆ ಜಾರಿ, ಮತ್ತೆ ತನ್ನ ಸ್ಥಾನಕ್ಕೆ ಮರಳುವುದು ಗೊತ್ತಾಗುತ್ತದೆ. ಅದೇ ನಿಮ್ಮ ದವಡೆಯ ಕೀಲು. ಹುಟ್ಟಿದಂದಿನಿಂದ ಅದು ನಿಮ್ಮ ಜತೆಯಲ್ಲೇ ಇದೆ. ಆದರೂ ಇವತ್ತೇ ಮೊದಲ ಸಲ ಅದನ್ನು ಮಾತನಾಡಿಸಿದವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು.

ಇನ್ನೊಂದು ಪ್ರಶ್ನೆ. ನಾನು ಈ ಮಾತನ್ನು ಎತ್ತಿದಾಗ ನಿಮ್ಮ ಮೇಲಿನ ಸಾಲಿನ ಹಲ್ಲೂ ಕೆಳಗಿನ ಸಾಲಿನ ಹಲ್ಲೂ ಒಂದಕ್ಕೊಂದು ತಾಗಿಕೊಂಡಿದ್ದವೆ? ಉತ್ತರವನ್ನು ನನಗೆ ಹೇಳಬೇಕಾಗಿಲ್ಲ, ನೆನಪಿನಲ್ಲಿ ಇಟ್ಟುಕೊಂಡಿರಿ. ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ನಮ್ಮ ಭಾಷೆಯಲ್ಲಿ ಅವುಡುಗಚ್ಚುವುದು ಎಂಬ ಒಂದು ಮಾತಿದೆ. ಸಿಟ್ಟು ಬಂದು ಅದನ್ನು ಹೊರಗೆ ತೋರಿಸಲಾಗದೆ ಇದ್ದಾಗ, ನೋವಾಗಿ ಅಳಲಾಗದೆ ಇದ್ದಾಗ ಮನುಷ್ಯ ಅವುಡುಗಚ್ಚುತ್ತಾನೆ. ಹಲ್ಲು ಕಚ್ಚಿಕೊಂಡು ಸಹಿಸಿದ ಎನ್ನುವುದೂ ಇದೇ ಅರ್ಥದ ಮಾತು. ಇದನ್ನು ನಾವು ತಾಳ್ಮೆಯ ಲಕ್ಷಣವೆಂದು ಹೊಗಳುತ್ತೇವೆ. ದಂತವೈದ್ಯನಾದ ನಾನು ಇದೊಂದು ವಿಷಯದಲ್ಲಿ ಮಾತ್ರ ಹಿರಿಯರ ಮಾತಿಗೆ ಎದುರಾಡಬೇಕಾಗಿದೆ. ಹೀಗೆ ಸಹಿಸಿದ್ದರ ಲೆಕ್ಕವನ್ನು ಮನಸ್ಸು ಮರೆತರೂ ದವಡೆ ಮರೆಯುವುದಿಲ್ಲ.

ಮೊದಲು ಈ ಕೀಲಿನ ರಚನೆಯನ್ನು ಕೊಂಚ ತಿಳಿಯೋಣ. ಮುಖದ ಮೂಳೆಗಳಲ್ಲಿ ಅಲ್ಲಾಡುವಂಥದು ಕೆಳದವಡೆ ಒಂದೇ. ಲಾಳದ ಆಕಾರದ ಈ ಮೂಳೆಯ ಎರಡು ತುದಿಗಳು ಎಡಕ್ಕೊಂದು ಬಲಕ್ಕೊಂದು ತಲೆಬುರುಡೆಯ ಗುಳಿಗಳಲ್ಲಿ ಕುಳಿತಿವೆ. ಒಂದೇ ಮೂಳೆಗೆ ಎರಡು ಕೀಲು. ಆದುದರಿಂದ ಒಂದು ಕಡೆಯ ಕೀಲು ಅಲ್ಲಾಡಬೇಕಾದರೆ ಇನ್ನೊಂದು ಸುಮ್ಮನಿರುವಂತಿಲ್ಲ. ಜೋಡೆತ್ತಿನ ಗಾಡಿಯಂತೆ, ಒಂದು ಎತ್ತು ಕುಂಟಿದರೆ ಮತ್ತೊಂದಕ್ಕೂ ಭಾರ. ಮೂಳೆಗೂ ಗುಳಿಗೂ ನಡುವೆ ಗಟ್ಟಿಯಾದ ನಾರಿನಿಂದ ಆದ ಒಂದು ಪುಟ್ಟ ಬಿಲ್ಲೆ ಇದೆ. ಬಾಯಿ ತೆರೆದಾಗ ಮೂಳೆಯೊಂದಿಗೆ ಅದೂ ಮುಂದಕ್ಕೆ ಜಾರುತ್ತದೆ. ಬಿಲ್ಲೆ ಕೊಂಚ ಹಿಂದುಮುಂದಾದರೆ ಬಾಯಿ ತೆರೆಯುವಾಗ 'ಟಕ್' ಎಂದು ಶಬ್ದವಾಗುತ್ತದೆ. ಈ ಶಬ್ದ ಬಹಳ ಜನರಲ್ಲಿ ಉಂಟು. ನೋವಿಲ್ಲದೆ, ಬಾಯಿ ಸಿಕ್ಕಿಕೊಳ್ಳದೆ, ಬರಿಯ ಶಬ್ದವಷ್ಟೇ ಆದರೆ ಅದಕ್ಕೆ ಯಾವ ಚಿಕಿತ್ಸೆಯೂ ಬೇಡ. ಮೊಣಕಾಲು ಚಟಕ್ ಎಂದರೆ ನಾವು ಯಾರೂ ಕಾಲನ್ನು ಬಿಚ್ಚಿಸಲು ಹೋಗುವುದಿಲ್ಲವಷ್ಟೆ?

ಈ ಮೂಳೆಯನ್ನು ಎಳೆದಾಡಿಸುವ ಸ್ನಾಯುಗಳು ಒಂದೊಂದು ಕಡೆಯಲ್ಲಿ ಮುಖ್ಯವಾಗಿ ನಾಲ್ಕು. ಅವುಗಳಲ್ಲಿ ಎರಡನ್ನು ನೀವೇ ಮುಟ್ಟಿ ನೋಡಬಹುದು. ಕೆನ್ನೆಯ ಮೇಲೆ ಕೈಯಿಟ್ಟು ಹಲ್ಲು ಕಚ್ಚಿದರೆ ಉಬ್ಬುವುದು ಒಂದು. ಕಣತಲೆಯ ಮೇಲೆ ಕೈಯಿಟ್ಟು ಹಲ್ಲು ಕಚ್ಚಿದರೆ ಅಲ್ಲಿ ಮಿಡಿಯುವುದು ಇನ್ನೊಂದು. ದವಡೆಯ ಸ್ನಾಯು ದಣಿದಾಗ ತಲೆನೋವು ಏಕೆ ಬರುತ್ತದೆಂಬುದು ಇದರಿಂದಲೇ ತಿಳಿಯುತ್ತದೆ. ಬೆಳಿಗ್ಗೆ ಎದ್ದೊಡನೆ ಕಣತಲೆ ಹಿಡಿದುಕೊಳ್ಳುವುದು, ಕಿವಿಯಲ್ಲಿ ಏನೂ ದೋಷವಿಲ್ಲದೆ ಕಿವಿ ನೋಯುವುದು, ರೊಟ್ಟಿಯನ್ನು ಅಗಿಯುತ್ತ ಅಗಿಯುತ್ತ ಕೆನ್ನೆ ಸೋತುಹೋಗುವುದು, ಆಕಳಿಸುವಾಗ ಚಳುಕು ಹೊಡೆಯುವುದು, ಬಾಯಿ ಪೂರ್ತಿ ತೆರೆಯದೆ ಇರುವುದು—ಇವೆಲ್ಲ ಒಂದೇ ಬೇನೆಯ ಬೇರೆಬೇರೆ ಮುಖಗಳು.

ಇದು ಅಪರೂಪದ ಬೇನೆಯಲ್ಲ. ಲೋಕದ ವಯಸ್ಕರಲ್ಲಿ ನೂರಕ್ಕೆ 6ರಿಂದ 9 ಮಂದಿಗೆ ಇದು ಇರುವುದೆಂದು ಅಂದಾಜು. ಸ್ನಾಯು ಮತ್ತು ಕೀಲುಗಳ ಬಹುಕಾಲದ ನೋವುಗಳಲ್ಲಿ ಸೊಂಟನೋವಿಗೆ ಮೊದಲ ಸ್ಥಾನವಾದರೆ ಇದಕ್ಕೆ ಎರಡನೆಯದು. ವೈದ್ಯರ ಬಳಿಗೆ ಈ ನೋವಿನಿಂದ ಬರುವವರಲ್ಲಿ ಹೆಂಗಸರೇ ಹೆಚ್ಚು. ಅದರಲ್ಲೂ ಇಪ್ಪತ್ತರಿಂದ ನಲವತ್ತರ ವಯಸ್ಸಿನವರು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗತಾನೆ ಒಂದು ಸಣ್ಣ ಊರಿನಲ್ಲಿ ವೈದ್ಯವೃತ್ತಿಗೆ ಕುಳಿತಿದ್ದೆ. ಅಲ್ಲಿನ ಶಾಲೆಯ ಉಪಾಧ್ಯಾಯಿನಿಯೊಬ್ಬರು ಎಡಗೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದರು. ನೋವು ದವಡೆ ಹಲ್ಲಿನದೆಂದು ಅವರಿಗೆ ಖಂಡಿತವಾಗಿತ್ತು. ನೋಡಿದೆ, ಹುಳುಕಿರಲಿಲ್ಲ. ಎಕ್ಸ್‌ರೇಯಲ್ಲೂ ಏನೂ ಕಾಣಿಸಲಿಲ್ಲ. ಎರಡು ಮೂರು ಸಲ ಬಂದು ಹೋದ ಮೇಲೆ, "ಹೇಗಾದರೂ ಮಾಡಿ ಕಿತ್ತುಬಿಡಿ ಡಾಕ್ಟ್ರೇ, ನನ್ನಿಂದ ಆಗೋದಿಲ್ಲ" ಎಂದು ಕೈಮುಗಿದರು. ಕಿತ್ತೆ. ಮೂರು ವಾರ ನೋವು ಮಾಯವಾಗಿತ್ತು. ಆಮೇಲೆ ಪಕ್ಕದ ಹಲ್ಲಿಗೆ ಬಂತು. ಅದನ್ನೂ ಕಿತ್ತೆ. ಎರಡು ತಿಂಗಳಾದ ಮೇಲೆ ಮೂರನೆಯದನ್ನು ಕೀಳಿಸಲು ಬಂದರು.

ಆ ದಿನ ಜನ ಹೆಚ್ಚಾಗಿದ್ದರು. ಅವರು ಹೊರಗಿನ ಬೆಂಚಿನ ಮೇಲೆ ಕುಳಿತು, ಕಾಲ ವ್ಯರ್ಥವಾಗಬಾರದೆಂದು ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದರು. ಬಾಗಿಲಿನಿಂದ ಅಕಸ್ಮಾತ್ತಾಗಿ ನೋಡಿದೆ. ಒಂದೊಂದು ತಪ್ಪು ಉತ್ತರ ಬಂದಾಗಲೂ ಅವರ ಕೆನ್ನೆಯ ಸ್ನಾಯು ಗೋಲಿಯಂತೆ ಉಬ್ಬಿ ನಿಲ್ಲುತ್ತಿತ್ತು. ಒಳಗೆ ಕರೆದು ಕೂರಿಸಿ, ಮೊಟ್ಟಮೊದಲ ಬಾರಿಗೆ ಹಲ್ಲಿನ ಮಾತು ಬಿಟ್ಟು ಮನೆಯ ಮಾತು ಕೇಳಿದೆ. ಅತ್ತೆಯವರು ಒಂದು ವರ್ಷದಿಂದ ಹಾಸಿಗೆ ಹಿಡಿದಿದ್ದರು. ರಾತ್ರಿಯೆಲ್ಲ ಎದ್ದೆದ್ದು ನೋಡಿಕೊಳ್ಳುವವರು ಈಕೆಯೇ. ಬೆಳಗಾದರೆ ಅಡಿಗೆ, ಶಾಲೆ. "ಯಾರ ಹತ್ತಿರ ಹೇಳಿಕೊಳ್ಳಲಿ ಡಾಕ್ಟ್ರೇ? ಹಲ್ಲು ಕಚ್ಚಿಕೊಂಡು ಇದ್ದೀನಿ" ಎಂದರು.

ಆಕೆ ನಿಜವನ್ನೇ ಹೇಳಿದ್ದರು. ಮೊದಲ ದಿನವೇ ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರೋ ಏನೋ. ನಾನು ಕೇಳಿರಲಿಲ್ಲ. ಆ ಎರಡು ಒಳ್ಳೆಯ ಹಲ್ಲುಗಳು ಇವತ್ತಿಗೂ ನನ್ನ ಲೆಕ್ಕದಲ್ಲಿ ತೀರದ ಸಾಲವಾಗಿ ಉಳಿದಿವೆ.

ನಾನೊಬ್ಬನೇ ಇಂಥ ತಪ್ಪು ಮಾಡಿದವನಲ್ಲ ಎಂಬುದು ಸಮಾಧಾನವಲ್ಲ, ಪಾಠ. ಈ ಬೇನೆಯ ಚರಿತ್ರೆಯಲ್ಲಿ ಅಂಥ ಪಾಠಗಳು ಹಲವು. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ ಗಂಟಲು ವೈದ್ಯರಾದ ಜೇಮ್ಸ್ ಕಾಸ್ಟನ್ ಎಂಬುವರು ಹನ್ನೊಂದು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಕಿವಿಯ ನೋವು, ಕಿವಿಯೊಳಗಿನ ಮೊರೆತ, ತಲೆನೋವು ಮೊದಲಾದುವು ದವಡೆಯ ಕೀಲಿನಿಂದ ಹುಟ್ಟಬಹುದೆಂದು ತೋರಿಸಿದ್ದು ಅವರ ಹಿರಿಮೆ. ಹಲ್ಲುಗಳು ಬಿದ್ದು, ಕಚ್ಚು ತಗ್ಗಿ, ಕೀಲು ಹಿಂದಕ್ಕೆ ಒತ್ತುವುದೇ ಇದಕ್ಕೆ ಕಾರಣವೆಂದು ಅವರು ಎಣಿಸಿದರು. ಆ ಕಾರಣ ನಿಲ್ಲಲಿಲ್ಲ. ಅಂಗರಚನೆಯನ್ನು ಶೋಧಿಸಿದವರು ಅದನ್ನು ತಳ್ಳಿಹಾಕಿದರು. ಆದರೂ ಕಚ್ಚನ್ನು ಸರಿಪಡಿಸಬೇಕು ಎಂಬ ನಂಬಿಕೆ ಮಾತ್ರ ದಂತವೈದ್ಯರಲ್ಲಿ ಬೇರೂರಿತು. ಲೆಕ್ಕವಿಲ್ಲದಷ್ಟು ಜನರ ಹಲ್ಲುಗಳನ್ನು ಅರದಿಂದ ಉಜ್ಜಿದಂತೆ ಉಜ್ಜಿ ಸಮಮಾಡಿದರು.

1969ರಲ್ಲಿ ಷಿಕಾಗೋ ನಗರದ ಡೇನಿಯಲ್ ಲಾಸ್ಕಿನ್ ಅವರು, ಇದು ಬಹಳ ಮಟ್ಟಿಗೆ ಸ್ನಾಯುಗಳ ದಣಿವು, ಮನಸ್ಸಿನ ಬಿಗಿಪು ಆ ದಣಿವಿಗೆ ಮೂಲ ಎಂದು ವಾದಿಸಿದರು. ಅವರೂ ಅವರ ಜತೆಗಾರರೂ ಸೇರಿ 1976ರಲ್ಲಿ ಒಂದು ವಿನೋದದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಇಪ್ಪತ್ತೈದು ಮಂದಿ ರೋಗಿಗಳ ಹಲ್ಲುಗಳನ್ನು ಉಜ್ಜುವಂತೆ ಬರಿಯ ನಟನೆ ಮಾಡಿದರು. ಯಂತ್ರದ ಸದ್ದುಂಟು, ಹಲ್ಲು ಕಿಂಚಿತ್ತೂ ಸವೆಯಲಿಲ್ಲ. ಹದಿನಾರು ಮಂದಿ ನೋವು ಹೋಯಿತು, ಇಲ್ಲವೆ ಬಹುಪಾಲು ಹೋಯಿತು ಎಂದರು! ನಾನು ಕಿತ್ತ ಮೊದಲ ಹಲ್ಲು ಮೂರು ವಾರದ ಸುಖ ಕೊಟ್ಟದ್ದೇಕೆ ಎಂಬುದು ಇದನ್ನು ಓದಿದ ಮೇಲೆ ನನಗೆ ಅರ್ಥವಾಯಿತು. ಯಾರೋ ಒಬ್ಬರು ತನ್ನ ನೋವನ್ನು ನಂಬಿ ಏನೋ ಮಾಡಿದರು ಎಂಬುದೇ ಅರ್ಧ ಔಷಧ. ಆ ಅರ್ಧ ಔಷಧವನ್ನು ಹಲ್ಲು ಕೀಳದೆಯೇ ಕೊಡಬಹುದಾಗಿತ್ತು.

ಇದಕ್ಕಿಂತ ದಾರುಣವಾದ ಪಾಠ 1980ರ ದಶಕದ್ದು. ಆಗ ಅಮೆರಿಕದಲ್ಲಿ ಈ ಕೀಲನ್ನು ಬಿಚ್ಚಿ, ಒಳಗಿನ ಬಿಲ್ಲೆಯನ್ನು ತೆಗೆದು, ಅದರ ಜಾಗದಲ್ಲಿ ಟೆಫ್ಲಾನ್ ಸೇರಿದ ಕೃತಕ ಬಿಲ್ಲೆಯನ್ನು ಇಡುವ ಶಸ್ತ್ರಚಿಕಿತ್ಸೆ ಸಾವಿರಾರು ಜನಕ್ಕೆ ನಡೆಯಿತು. ಆ ವಸ್ತು ಒಳಗೇ ಪುಡಿಯಾಗಿ ಸುತ್ತಲಿನ ಮೂಳೆಯನ್ನು ಸವೆಸತೊಡಗಿತು. 1990ರಲ್ಲಿ ಅಲ್ಲಿನ ಸರ್ಕಾರದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ಹೊರಡಿಸಬೇಕಾಯಿತು. ಟಕ್ ಎನ್ನುವ ಶಬ್ದವನ್ನು ಹೋಗಲಾಡಿಸಲು ಹೋಗಿ ಬಾಯಿಯನ್ನೇ ತೆರೆಯಲಾರದೆ ಹೋದವರೂ ಇದ್ದರು.

ಇಷ್ಟೆಲ್ಲ ಪೆಟ್ಟು ತಿಂದು ವೈದ್ಯಶಾಸ್ತ್ರ ಕಲಿತ ಸೂತ್ರ ಇದು: ಮಾಡಿದ್ದನ್ನು ಹಿಂದಕ್ಕೆ ಪಡೆಯಲಾಗದ ಚಿಕಿತ್ಸೆಗೆ ಮೊದಲೇ ಕೈಹಾಕಬಾರದು. ಕಿತ್ತ ಹಲ್ಲು ಮತ್ತೆ ಬಾರದು. ಕೊಟ್ಟ ಶಾಖವಾದರೋ ಯಾವ ಗುರುತನ್ನೂ ಬಿಡದು.

2023ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಈ ಬೇನೆಯ ಬಗ್ಗೆ ಒಂದು ಮಾರ್ಗದರ್ಶಿ ಪ್ರಕಟವಾಯಿತು. 233 ಪರೀಕ್ಷೆಗಳ ಫಲವನ್ನು ಒಟ್ಟಿಗಿಟ್ಟು ತೂಗಿ, ಮೂರು ತಿಂಗಳಿಗಿಂತ ಹೆಚ್ಚು ಕಾಲ ನಿಂತ ದವಡೆ ನೋವಿಗೆ ಯಾವುದು ಹಿತ, ಯಾವುದು ಅಹಿತ ಎಂದು ಅದರಲ್ಲಿ ಹೇಳಿದ್ದಾರೆ. ಅವರು ಒತ್ತಿ ಹೇಳಿದ ಚಿಕಿತ್ಸೆಗಳಲ್ಲಿ ಒಂದಕ್ಕೂ ಕತ್ತಿ ಬೇಡ, ಸೂಜಿ ಬೇಡ. ರೋಗವನ್ನು ರೋಗಿಗೆ ತಿಳಿಯಹೇಳಿ ಧೈರ್ಯ ಕೊಡುವುದು. ಮನೆಯಲ್ಲೇ ಮಾಡುವ ಉಪಚಾರ ಮತ್ತು ವ್ಯಾಯಾಮ. ಅಂಗಮರ್ದನ ಬಲ್ಲ ಫಿಸಿಯೋಥೆರಪಿಯವರು ಕೈಯಿಂದ ಕೀಲನ್ನು ಸಡಿಲಿಸುವುದು, ಸ್ನಾಯುವಿನ ಗಂಟುಗಳನ್ನು ನೀವುವುದು. ಅವರ ಕಣ್ಣೆದುರಿಗೆ ಮಾಡುವ ದವಡೆಯ ಹಾಗೂ ಕತ್ತಿನ ಸಾಧನೆ. ಮನಸ್ಸಿನ ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ—ಇವು ಆ ಪಟ್ಟಿಯಲ್ಲಿರುವುವು.

ಇವುಗಳಲ್ಲಿ ಮನೆಯಲ್ಲೇ ಆಗುವಂಥದ್ದನ್ನು ಒಂದೊಂದಾಗಿ ಹೇಳುತ್ತೇನೆ. ಬೇಕಾದವರು ಗುರುತು ಹಾಕಿಕೊಳ್ಳಬಹುದು.

ಮೊದಲನೆಯದು ವಿಶ್ರಾಂತಿ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಬಂದೆವು. ಬಾಯಿ ಮುಚ್ಚಿರುವಾಗ ಹಲ್ಲುಗಳು ಕಚ್ಚಿಕೊಂಡಿರಬೇಕೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು. ತುಟಿ ಮುಚ್ಚಿದ್ದರೂ ಒಳಗೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಎರಡರಿಂದ ನಾಲ್ಕು ಮಿಲಿಮೀಟರಿನಷ್ಟು ಎಡೆ ಇರುವುದೇ ಪ್ರಕೃತಿ. ಊಟ, ನುಂಗುವುದು ಎಲ್ಲವನ್ನೂ ಕೂಡಿಸಿದರೂ ಆರೋಗ್ಯವಂತನ ಹಲ್ಲುಗಳು ಇಡೀ ದಿನದಲ್ಲಿ ಒಂದಕ್ಕೊಂದು ತಾಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷವೆಂದು ಎಣಿಸಿದ್ದಾರೆ. ಉಳಿದ ಹೊತ್ತೆಲ್ಲ ಹೀಗಿರಲಿ: ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ, ನಾಲಗೆಯ ತುದಿ ಮೇಲಿನ ಬಾಚಿಹಲ್ಲುಗಳ ಹಿಂದೆ ಅಂಗಳಕ್ಕೆ ಮೆಲ್ಲನೆ ತಾಗಿರಲಿ. ಉಸಿರು ಮೂಗಿನಲ್ಲಿ. ನೆನಪಿಗೆ ಒಂದು ಗುರುತು ಇಟ್ಟುಕೊಳ್ಳಿ. ಗಡಿಯಾರ ನೋಡಿದಾಗಲೆಲ್ಲ, ಫೋನು ಕೈಗೆತ್ತಿಕೊಂಡಾಗಲೆಲ್ಲ, ಒಗ್ಗರಣೆ ಸಿಡಿದಾಗಲೆಲ್ಲ "ಹಲ್ಲು ಎಲ್ಲಿದೆ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಕಚ್ಚಿದ್ದರೆ ಬಿಡಿ. ಔಷಧಗಳಲ್ಲೆಲ್ಲ ಇದೇ ಅತ್ಯಂತ ಅಗ್ಗದ್ದು. ನನ್ನ ಅನುಭವದಲ್ಲಿ ಇದೇ ಅತ್ಯಂತ ಬಲವಾದದ್ದು.

ಎರಡನೆಯದು ಆಹಾರ. ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬುದು ಗಾದೆ. ನೋವಿರುವಷ್ಟು ದಿನ ಕಡಲೆ ಇದ್ದರೂ ಬೇಡ. ಚಕ್ಕುಲಿ, ಕೋಡುಬಳೆ, ಹುರಿದ ಕಾಳು, ಕಬ್ಬು, ಗಟ್ಟಿ ರೊಟ್ಟಿ, ಅಗಿಯುವ ಗಮ್ಮು ಇವಕ್ಕೆ ಕೆಲವು ವಾರ ರಜ ಕೊಡಿ. ಮೆತ್ತಗಿನ ಅನ್ನ, ಹುಳಿ, ಇಡ್ಲಿ, ಪೊಂಗಲು, ಬೆಂದ ತರಕಾರಿ ಧಾರಾಳವಾಗಿ ಆಗಬಹುದು. ಮುದ್ದೆ ಉಣ್ಣುವವರಂತೂ ಪುಣ್ಯವಂತರು. ಅಗಿಯದೆ ನುಂಗುವ ಊಟವನ್ನು ನಮ್ಮ ರೈತ ದವಡೆಯ ವೈದ್ಯನನ್ನು ಕೇಳದೆಯೇ ಕಂಡುಕೊಂಡಿದ್ದಾನೆ. ದೋಸೆ ಚಪಾತಿಗಳನ್ನು ಸಣ್ಣ ಚೂರು ಮಾಡಿ, ಎರಡೂ ಕಡೆ ಸಮನಾಗಿ ಅಗಿಯಿರಿ. ಸೀಬೆಹಣ್ಣನ್ನು ಇಡಿಯಾಗಿ ಕಚ್ಚದೆ ಹೆಚ್ಚಿ ತಿನ್ನಿ. ಆದರೆ ತಿಂಗಳುಗಟ್ಟಲೆ ಬರಿಯ ಗಂಜಿಯಲ್ಲೇ ಇರಬೇಡಿ. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ನೋವು ಇಳಿದಂತೆ ಮಾಮೂಲು ಊಟಕ್ಕೆ ಮರಳಬೇಕು.

ಆಕಳಿಕೆ ಬಂದಾಗ ನಾಲಗೆಯನ್ನು ಅಂಗಳಕ್ಕೆ ಒತ್ತಿಕೊಳ್ಳಿ, ಇಲ್ಲವೆ ಗದ್ದದ ಕೆಳಗೆ ಮುಷ್ಟಿ ಕೊಡಿ. ಬಾಯಿ ಮಿತಿಮೀರಿ ತೆರೆಯದು. ಉಗುರು ಕಚ್ಚುವುದು, ಪೆನ್ನಿನ ತುದಿ ಕಡಿಯುವುದು, ದಾರವನ್ನೂ ಸೂಜಿಯನ್ನೂ ಹಲ್ಲಿನಲ್ಲಿ ಹಿಡಿಯುವುದು ಬೇಡ. ಗದ್ದಕ್ಕೆ ಕೈಕೊಟ್ಟು ಗಂಟೆಗಟ್ಟಲೆ ಕೂರುವುದೂ ಬೇಡ.

ಮೂರನೆಯದು ಶಾಖ. ದಪ್ಪ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಮಣಿಕಟ್ಟಿನ ಮೇಲಿಟ್ಟು ಸುಡುವುದಿಲ್ಲವೆಂದು ನೋಡಿಕೊಂಡು, ಕೆನ್ನೆಗೂ ಕಣತಲೆಗೂ ಸೇರಿದಂತೆ ಹದಿನೈದು ನಿಮಿಷ ಇಡಿ. ದಿನಕ್ಕೆ ಎರಡು ಮೂರು ಸಲ. ಹಳೆಯದಾದ, ಎಳೆದು ಹಿಡಿದಂಥ ನೋವಿಗೆ ಶಾಖ ಹಿತ. ಪೆಟ್ಟು ಬಿದ್ದ ಹೊಸದರಲ್ಲಿ, ಚುಚ್ಚಿದಂಥ ನೋವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು ನಿಮಿಷ. ಶಾಖ ಕೊಟ್ಟಾದ ಮೇಲೆ ಬೆರಳ ತುದಿಗಳಿಂದ ಕೆನ್ನೆಯ ಸ್ನಾಯುವನ್ನೂ ಕಣತಲೆಯನ್ನೂ ಸಣ್ಣ ಸುತ್ತುಗಳಲ್ಲಿ ನೀವಿ. ನೋವಿರುವ ಗಂಟು ಸಿಕ್ಕಿದರೆ ಅದರ ಮೇಲೆ ಹದವಾಗಿ ಒತ್ತಿ ಹಿಡಿದು ಬಿಡಿ. ಹಿಟ್ಟು ನಾದುವ ಬಲ ಬೇಡ, ಮಗುವಿಗೆ ಎಣ್ಣೆ ಹಚ್ಚುವ ಬಲ ಸಾಕು.

ನಾಲ್ಕನೆಯದು ವ್ಯಾಯಾಮ. ಕನ್ನಡಿಯ ಮುಂದೆ ಕುಳಿತು, ನಾಲಗೆಯ ತುದಿಯನ್ನು ಅಂಗಳದಿಂದ ಬಿಡಿಸದೆ, ಎಷ್ಟು ತೆರೆಯುವುದೋ ಅಷ್ಟೇ ಬಾಯಿ ತೆರೆದು ನಿಧಾನವಾಗಿ ಮುಚ್ಚಿರಿ. ಗದ್ದ ಎಡಕ್ಕೋ ಬಲಕ್ಕೋ ಓಡದೆ ನೆಟ್ಟಗೆ ಇಳಿಯುವಂತೆ ನೋಡಿಕೊಳ್ಳಿ. ಚಿಲಿ ದೇಶದ ಮರಿಯಾನೋ ರೋಕಬಾದೋ ಎಂಬ ಅಂಗಸಾಧಕರು ಇಂಥ ಆರು ಬಗೆಯ ಸಾಧನೆಗಳನ್ನು ಹೇಳಿದ್ದಾರೆ. ಒಂದೊಂದನ್ನು ಆರು ಸಲ, ದಿನಕ್ಕೆ ಆರು ಬಾರಿ ಮಾಡಬೇಕೆಂಬುದು ಅವರ ಕ್ರಮ. ಗುಟ್ಟು ಇರುವುದು ಬಲದಲ್ಲಲ್ಲ, ಮರುಕಳಿಕೆಯಲ್ಲಿ. ಬಾಯಿ ಬಿಗಿದಿರುವವರು ಶಾಖದ ನಂತರ ಹೆಬ್ಬೆರಳು ತೋರುಬೆರಳುಗಳನ್ನು ಮೇಲಿನ, ಕೆಳಗಿನ ಬಾಚಿಹಲ್ಲುಗಳ ಮೇಲಿಟ್ಟು ಮೆಲ್ಲನೆ ಅಗಲಿಸಿ, ಕೆಲವು ಕ್ಷಣ ಹಿಡಿದು ಬಿಡಬಹುದು. ಎಳೆತ ತಿಳಿಯಬೇಕು, ನೋವು ಏರಬಾರದು. ನಿಮ್ಮದೇ ಮೂರು ಬೆರಳು ನಿಲುವಾಗಿ ಬಾಚಿಹಲ್ಲುಗಳ ನಡುವೆ ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತದೆಂದೇ ಅರ್ಥ. ಅದು ಸುಮಾರು ನಾಲ್ಕು ಸೆಂಟಿಮೀಟರು.

ಐದನೆಯದು ಕತ್ತು. ದವಡೆ ತೂಗಿರುವುದು ತಲೆಗೆ, ತಲೆ ನಿಂತಿರುವುದು ಕತ್ತಿನ ಮೇಲೆ. ಗಂಟೆಗಟ್ಟಲೆ ಕತ್ತು ಬಗ್ಗಿಸಿ ಕೈಫೋನು ನೋಡುವವರಿಗೂ, ಹೊಲಿಗೆ ಯಂತ್ರಕ್ಕೂ ಕಂಪ್ಯೂಟರಿಗೂ ಗದ್ದ ಚಾಚಿಕೊಂಡು ಕೂರುವವರಿಗೂ ಕತ್ತಿನೊಂದಿಗೆ ದವಡೆಯೂ ದಣಿಯಬಹುದು. ಅರ್ಧ ಗಂಟೆಗೊಮ್ಮೆ ಬೆನ್ನು ನೆಟ್ಟಗೆ ಮಾಡಿ, ಭುಜ ಇಳಿಸಿ, ಗದ್ದವನ್ನು ಒಳಕ್ಕೆ ಎಳೆದು ತಲೆಯನ್ನು ಹಿಂದಕ್ಕೆ ತನ್ನಿ. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ತರಕಾರಿ ಹೆಚ್ಚಬೇಡಿ. ಬೋರಲು ಮಲಗಬೇಡಿ.

ಆರನೆಯದು, ಎಲ್ಲಕ್ಕಿಂತ ಕಷ್ಟವಾದದ್ದು, ಮನಸ್ಸು. 'ಎಲ್ಲ ನಿನ್ನ ಮನಸ್ಸಿನಲ್ಲಿದೆ' ಎಂದು ರೋಗಿಗೆ ಹೇಳುವುದು ಕ್ರೌರ್ಯ. ನೋವು ಇರುವುದು ಸ್ನಾಯುವಿನಲ್ಲೇ. ಆದರೆ ಆ ಸ್ನಾಯುವಿನ ಹಗ್ಗವನ್ನು ಎಳೆಯುವುದು ಅನೇಕ ಸಲ ಮನಸ್ಸು. ಯಾವಾಗ ಹಲ್ಲು ಕಚ್ಚುತ್ತೇನೆ, ಆಗ ಏನು ಯೋಚಿಸುತ್ತಿದ್ದೆ ಎಂದು ಬರೆದಿಟ್ಟುಕೊಂಡು, 'ಇದು ವಾಸಿಯಾಗುವುದೇ ಇಲ್ಲ' ಎಂಬಂಥ ಯೋಚನೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅಭ್ಯಾಸವನ್ನು ತಿದ್ದಿಕೊಳ್ಳುವ ಕ್ರಮವನ್ನು ಮನಶ್ಶಾಸ್ತ್ರ ಬಲ್ಲವರು ಕಲಿಸುತ್ತಾರೆ. ಇದು ಪರೀಕ್ಷೆಗಳಲ್ಲಿ ಮೇಲ್ದರ್ಜೆಯ ಫಲ ಕೊಟ್ಟ ಚಿಕಿತ್ಸೆ. ಅಂಥವರ ಬಳಿಗೆ ಹೋಗುವುದು ನಾಚಿಕೆಯ ವಿಷಯವಲ್ಲ.

ಇನ್ನು, ಅವಸರದಿಂದ ಒಪ್ಪಿಕೊಳ್ಳಬಾರದವು ಯಾವುವು? ಹಲ್ಲು ಉಜ್ಜಿಸಿಕೊಳ್ಳುವುದು, ಒಳ್ಳೆಯ ಹಲ್ಲು ಕೀಳಿಸುವುದು ಬೇಡವೆಂದು ಆಗಲೇ ಹೇಳಿದೆ. ದವಡೆಯ ನಿಲುವನ್ನೇ ಶಾಶ್ವತವಾಗಿ ಬದಲಿಸುವ ಬಗೆಯ ಕವಚಗಳನ್ನೂ, ಬಿಲ್ಲೆಯನ್ನು ಕತ್ತರಿಸಿ ತೆಗೆಯುವುದನ್ನೂ ಆ ಮಾರ್ಗದರ್ಶಿ ಬಲವಾಗಿ ಬೇಡವೆಂದಿದೆ. ರಾತ್ರಿ ಹಾಕಿಕೊಂಡು ಬೆಳಿಗ್ಗೆ ತೆಗೆಯುವ ಸಾಮಾನ್ಯ ಕವಚ, ಲೇಸರು ಕಿರಣ, ವಿದ್ಯುತ್ತಿನ ಉಪಚಾರ, ಬೊಟ್ಯುಲಿನಮ್ ಚುಚ್ಚುಮದ್ದು ಇವುಗಳಿಂದ ಬಹುಕಾಲದ ನೋವಿಗೆ ಖರ್ಚಿಗೆ ತಕ್ಕ ಲಾಭ ಕಾಣಲಿಲ್ಲವೆಂದು ಅವನ್ನೂ ಹಿಂದಕ್ಕೆ ಸರಿಸಿದೆ. ಆದರೆ ರಾತ್ರಿ ಹಲ್ಲು ಮಸೆಯುವವರ ಹಲ್ಲು ಸವೆಯದಂತೆ ಕಾಪಾಡಲು ಕವಚ ಉಪಯೋಗಕ್ಕೆ ಬರುತ್ತದೆ. ನಿಮ್ಮ ದಂತವೈದ್ಯರು ಕೊಟ್ಟಿದ್ದರೆ ಅವರನ್ನು ಕೇಳದೆ ಬಿಸಾಡಬೇಡಿ. ಅಕ್ಯುಪಂಕ್ಚರ್ ಕೆಲವರಿಗೆ ಗುಣ ಕೊಟ್ಟಿದೆ. ಅದಕ್ಕೆ ಅರೆಮನಸ್ಸಿನ ಒಪ್ಪಿಗೆ ಇದೆ. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ನುಂಗಿ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ದವಡೆಯ ನೋವು ಹೊಟ್ಟೆಗೂ ಮೂತ್ರಪಿಂಡಕ್ಕೂ ವರ್ಗವಾಗುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ಮತ್ತೊಂದು ತಪ್ಪಾದೀತು. ಮನೆಮದ್ದು ಮಾಡುತ್ತ ಕೂರಬಾರದ ದವಡೆ ನೋವುಗಳೂ ಇವೆ. ಮೆಟ್ಟಿಲು ಹತ್ತಿದಾಗ, ನಡೆದಾಗ ದವಡೆ ನೊಂದು, ಎದೆಗೋ ತೋಳಿಗೋ ಹರಡಿ, ಬೆವರು ಬಂದರೆ ಅದು ಹೃದಯದ ಕರೆ; ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ತಲೆ ಬಾಚಿದರೆ ನೊಂದು, ಅಗಿಯುವಾಗ ದವಡೆ ಸೋತು, ಕಣ್ಣು ಮಂಜಾದರೆ ಅದು ರಕ್ತನಾಳದ ಉರಿಯೂತ ಇರಬಹುದು. ತಡಮಾಡಿದರೆ ದೃಷ್ಟಿಯೇ ಹೋದೀತು. ಮುಖ ಊದಿ ಜ್ವರ ಬಂದರೆ ಹಲ್ಲಿನ ಬೇರಿನ ಕೀವು ಇರಬಹುದು. ಗಾಯವಾದ ಕೆಲವು ದಿನಗಳಲ್ಲಿ ಬಾಯಿ ಬಿಗಿದರೆ ಧನುರ್ವಾಯುವನ್ನು ನೆನೆಯಬೇಕು.

ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಾದ ನಮ್ಮ ನಾಡಿನಲ್ಲಿ ಇನ್ನೊಂದನ್ನು ಮರೆಯಲಾಗದು. ಅಡಿಕೆಯನ್ನೂ ಗುಟ್ಕಾದಂಥವನ್ನೂ ಅಗಿಯುವವರಲ್ಲಿ ಕೆನ್ನೆಯ ಒಳಚರ್ಮ ಬಿಳಿಚಿಕೊಂಡು, ನಾರಾಗಿ ಗಡುಸಾಗಿ, ಖಾರ ತಾಗಿದರೆ ಉರಿದು, ಬಾಯಿ ದಿನೇ ದಿನೇ ಕಿರಿದಾಗುತ್ತದೆ. ಇದು ಕೀಲಿನ ಬೇನೆಯಲ್ಲ. ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ರೋಗ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಶಾಖೆ 2004ರಲ್ಲೇ ಸಾರಿದೆ. ಮೂರು ಬೆರಳಿನ ಪರೀಕ್ಷೆಯಲ್ಲಿ ಸೋತ ಅಡಿಕೆ ಪ್ರಿಯರು ಅಂದೇ ಅಡಿಕೆ ಬಿಟ್ಟು ವೈದ್ಯರನ್ನು ಕಾಣಬೇಕು.

ಆಕಳಿಸಿದಾಗ ಬಾಯಿ ತೆರೆದೇ ನಿಂತು ಮುಚ್ಚಲಾಗದೆ ಹೋದರೆ ಕೀಲು ತಪ್ಪಿದೆಯೆಂದು ಅರ್ಥ. ಗಾಬರಿ ಬೇಡ. ಇದಕ್ಕೂ ಕತ್ತಿ ಬೇಕಾಗುವುದು ಅಪರೂಪ. ಶಾಖ ಕೊಟ್ಟು, ದವಡೆಯನ್ನು ಸ್ಥಾನಕ್ಕೆ ತಂದು, ಪಂಚಾಂಗಿ ಎಂಬ ಕಟ್ಟು ಕಟ್ಟಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಗ್ರೀಸಿನ ಹಿಪಾಕ್ರಟೀಸನ ಗ್ರಂಥಗಳಲ್ಲೂ ಕೈಯಿಂದಲೇ ಕೂರಿಸುವ ಕ್ರಮವಿದೆ. ಆದರೆ ಅದು ಬಲ್ಲವರ ಕೈಯ ಕೆಲಸ, ನೆರೆಮನೆಯವರದಲ್ಲ. ಶಸ್ತ್ರಚಿಕಿತ್ಸೆಯೇ ಬೇಕಾದ ಸಂದರ್ಭಗಳೂ ಇಲ್ಲದಿಲ್ಲ—ಮೂಳೆ ಮುರಿದಾಗ, ಗಡ್ಡೆ ಬೆಳೆದಾಗ, ಕೀಲು ಪೂರ್ತಿ ಬೆಸೆದುಕೊಂಡಾಗ. ನಾನು ಬೇಡವೆಂದದ್ದು ಕತ್ತಿಯನ್ನಲ್ಲ, ಅವಸರವನ್ನು.

ಆ ಉಪಾಧ್ಯಾಯಿನಿಯವರ ಕಥೆ ಏನಾಯಿತೆಂದು ನೀವು ಕೇಳಬಹುದು. ಮೂರನೆಯ ಹಲ್ಲು ಉಳಿಯಿತು. ಅವರು ತಮ್ಮ ಕೆಂಪು ಪೆನ್ನಿಗೆ ಒಂದು ಚೂರು ಬಿಳಿಯ ದಾರ ಸುತ್ತಿಕೊಂಡರು. ಅದು ಕಂಡಾಗಲೆಲ್ಲ ಹಲ್ಲು ಬಿಡಬೇಕೆಂಬ ಗುರುತು. ದಿನಕ್ಕೆರಡು ಸಲ ಶಾಖ, ಊಟಕ್ಕೆ ಮುಂಚೆ ಸಾಧನೆ. ಅವರ ಯಜಮಾನರನ್ನು ಒಂದು ದಿನ ಕರೆಸಿ ನಾನೇ ಮಾತನಾಡಿದೆ. ತಾಯಿಯನ್ನು ರಾತ್ರಿ ನೋಡಿಕೊಳ್ಳುವ ಕೆಲಸವನ್ನು ಅವರು ವಾರದಲ್ಲಿ ನಾಲ್ಕು ದಿನ ವಹಿಸಿಕೊಂಡರು. "ನನಗೆ ಗೊತ್ತೇ ಇರಲಿಲ್ಲ ಡಾಕ್ಟ್ರೇ, ಅವಳು ಹೇಳಲೇ ಇಲ್ಲ" ಎಂದರು. ಮೂರನೆಯ ತಿಂಗಳಿಗೆ ನೋವು ಮುಕ್ಕಾಲು ಪಾಲು ಇಳಿದಿತ್ತು. ಪರೀಕ್ಷೆಯ ದಿನಗಳಲ್ಲಿ ಕೊಂಚ ತಲೆದೋರುತ್ತಿತ್ತು. ಆಗ ಏನು ಮಾಡಬೇಕೆಂಬುದು ಅವರಿಗೆ ಗೊತ್ತಿತ್ತು.

ಆದುದರಿಂದ, ಮನೆಯಲ್ಲಿ ಯಾರಾದರೂ ಬೆಳಿಗ್ಗೆ ಕೆನ್ನೆ ಹಿಡಿದುಕೊಂಡು ಎದ್ದರೆ, ಹಲ್ಲು ಯಾವುದು ಎಂದು ಕೇಳುವ ಮೊದಲು ನಿನ್ನೆ ರಾತ್ರಿ ನಿದ್ದೆ ಬಂತೆ ಎಂದು ಕೇಳಿ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಈಗ ನಿಮ್ಮ ಹಲ್ಲು ಎಲ್ಲಿದೆ? ಕಚ್ಚಿದ್ದರೆ ಬಿಡಿ.